ಸಕ್ಕರೆ ತಿಂದ ಕಂಪನಿ

ನನ್ನ ನಾದಿನಿ ಗುರುಬಸಮ್ಮನನ್ನು ಒಂದೇ ವರ್ಷದಲ್ಲಿ ಎರಡು ಕಡೆಯವರು ನೋಡಿದರು. ಒಂದು ಗಂಡಿನ ಕಡೆಯವರು, ಇನ್ನೊಂದು ಕಂಪನಿ ಕಡೆಯವರು. ಎರಡರಲ್ಲಿ ಗಂಡಿನ ಕಡೆಯವರೇ ಮರ್ಯಾದಸ್ಥರು. ಒಮ್ಮೆ ಬಂದು, ಮಿರ್ಚಿ ತಿಂದು, ಹುಡುಗಿ ಉದ್ದವಾದಳೆಂದೋ ಕಪ್ಪಾದಳೆಂದೋ ಹೇಳಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಕಂಪನಿಯವರು ಹಾಗಲ್ಲ. ಅವರು ಒಲ್ಲೆ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಮತ್ತೊಮ್ಮೆ ಬಾ ಎಂದರು. ಬಂದಳು. ಮತ್ತೊಮ್ಮೆ ಬಾ ಎಂದರು.

ಈಗಿನ ಹುಡುಗರು ಕಂಪ್ಯೂಟರ್ ಕಂಪನಿಗಳಲ್ಲಿ ಐದಾರು ಸಲ ಇಂಟರ್ವ್ಯೂ ಕೊಟ್ಟು ಬಂದು ಮುಖ ಬಾಡಿಸಿಕೊಂಡು ಕೂತರೆ ನನಗೆ ಒಳಗೊಳಗೇ ನಗು ಬರುತ್ತದೆ. ಪಾಪ, ತಾವೇ ಮೊದಲಿಗರು ಅಂದುಕೊಂಡಿದ್ದಾರೆ. ಗುರುಬಸಮ್ಮ ಇದನ್ನೆಲ್ಲ ಎಂಬತ್ಮೂರನೇ ಇಸವಿಯಲ್ಲೇ ಉಂಡು ಕೈ ತೊಳೆದಿದ್ದಾಳೆ.

ನಾನು ಕುರುಗೋಡಿಗೆ ಸೊಸೆಯಾಗಿ ಬಂದಾಗ ಅವಳು ಲಂಗ ಉಡುತ್ತಿದ್ದ ಹುಡುಗಿ. ಯಾವಾಗಲೂ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಮನೆಗೆ ಯಾರೇ ಬರಲಿ, ಅವಳನ್ನು ದಾಟಿಯೇ ಒಳಗೆ ಬರಬೇಕು. "ಯಾರ್ರಿ ನೀವು? ಯಾಕ ಬಂದ್ರಿ? ಉಂಡು ಹೋಗಾರೋ, ಹಂಗ ಹೋಗಾರೋ?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದಳು. ಒಮ್ಮೆ ಕಂದಾಯದವನು ಬಂದು ಇವಳ ಪ್ರಶ್ನೆಗಳಿಗೆ ಉತ್ತರ ಹೇಳಲಾಗದೆ ನಾಳೆ ಬರುತ್ತೇನೆಂದು ಹೋದವನು ಆ ತಿಂಗಳೆಲ್ಲ ಬರಲಿಲ್ಲ. ನಮ್ಮ ಅತ್ತೆ ವೀರಭದ್ರಮ್ಮ ಅವತ್ತು ಮಗಳಿಗೆ ಬೆಲ್ಲ ಕೊಟ್ಟರು.

ಸಿರುಗುಪ್ಪದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದಿದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹೆಣ್ಣು ಅವಳೊಬ್ಬಳೇ. ಅದು ಅವಳ ಗುಣ ಎಂದು ನಾವಂದುಕೊಂಡಿದ್ದೆವು. ಗಂಡಿನ ಕಡೆಯವರು ಬರಲು ಶುರುವಾದ ಮೇಲೆ ಅದು ಅವಳ ಕೊರತೆ ಎಂದು ತಿಳಿಯಿತು.

ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿ ಹೇಗೆಂದರೆ, ಬಂದವರಿಗೆ ಮೊದಲು ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡುತ್ತೇವೆ. ಆಮೇಲೆ ಚಹಾ. ಎಷ್ಟು ಬೇಕಾದರೂ ತಿನ್ನಲಿ, ಕುಡಿಯಲಿ, ಅದಕ್ಕೆ ಅರ್ಥವಿಲ್ಲ. ಚಹಾದಲ್ಲಿನ ಸಕ್ಕರೆ ಲೆಕ್ಕಕ್ಕಿಲ್ಲ, ಅದು ಕರಗಿದ ಸಕ್ಕರೆ. ಕೊನೆಗೆ ಮನೆಯ ಹಿರಿಯಳು ಬೆಳ್ಳಿ ಬಟ್ಟಲಲ್ಲಿ ಒಣ ಸಕ್ಕರೆ ತಂದು ನಡುಮನೆಯಲ್ಲಿ ಇಡುತ್ತಾಳೆ. ಬಂದವರಲ್ಲಿ ಹಿರಿಯನಾದವನು ಐದು ಜನರ ಮುಂದೆ ಅದರಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡನೆಂದರೆ ಮಾತು ಆಯಿತು. ಅಲ್ಲಿಗೆ ಆ ಹುಡುಗಿಯನ್ನು ಬೇರೆ ಯಾರೂ ಕೇಳುವಂತಿಲ್ಲ. ಖಾರ ತಿಂದರೆ ಅತಿಥಿ, ಸಕ್ಕರೆ ತಿಂದರೆ ಬೀಗ. ಸಕ್ಕರೆ ತಿಂದು ಮಾತು ಬಿಡಬೇಕಾದರೂ ಒಂದು ಕ್ರಮವಿದೆ. ಅದೇ ಮನೆಗೆ ಬಂದು, ಅದೇ ಐದು ಜನರ ಮುಂದೆ ಕೂತು, ಯಾಕೆ ಒಲ್ಲೆ ಎಂದು ಹೇಳಿ ಹೋಗಬೇಕು. ಹಾಗೆ ಹೇಳಲು ಬಂದವನನ್ನು ನಾನಂತೂ ನೋಡಿಲ್ಲ. ಆ ಐದು ಜನರ ಬಾಯಿಗೆ ಬೀಳುವುದಕ್ಕಿಂತ ಹುಡುಗಿಯನ್ನು ಮಾಡಿಕೊಳ್ಳುವುದೇ ಸುಲಭ.

ನಮ್ಮ ಮನೆಯ ಸಕ್ಕರೆ ಬಟ್ಟಲು ಎಷ್ಟೋ ಸಲ ನಡುಮನೆಗೆ ಬಂದು ಹಾಗೇ ಒಳಗೆ ಹೋಯಿತು. ಅದರಲ್ಲಿ ಗುರುಬಸಮ್ಮನ ಕೈವಾಡವೂ ಇತ್ತೆನ್ನಿ. ಒಬ್ಬ ಮುದುಕ, "ಹುಡುಗಿ ನಡಿಗಿ ನೋಡಬೇಕು, ನಡಿಯವ್ವ" ಎಂದ. ಇವಳು ಎದ್ದು ನಡೆದಳು. ಪಡಸಾಲೆ ದಾಟಿ, ಅಂಗಳ ದಾಟಿ, ದನದ ಕೊಟ್ಟಿಗೆಗೆ ಹೋಗಿ ಅಲ್ಲೇ ಕೂತಳು. ಅವರು ಕಾದು ಕಾದು ಹೋದರು.

"ಯಾಕಲೇ ಹಂಗ ಮಾಡಿದಿ?" ಎಂದು ಅತ್ತೆ ಕೇಳಿದರೆ, "ನಡಿ ಅಂದ್ರು, ನಡದೆ. ನಿಲ್ಲು ಅಂತ ಯಾರೂ ಅನ್ಲಿಲ್ಲ" ಎಂದಳು.

ಕೊನೆಗೆ ತೆಕ್ಕಲಕೋಟೆಯಿಂದ ದೊಡ್ಡಬಸಪ್ಪ ಬಂದ. ಅಕ್ಕಿ ಮಿಲ್ಲಿನ ಮಾಲೀಕ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳು. ಅವನು ಹುಡುಗಿಯ ಮುಖ ನೋಡಲಿಲ್ಲ, ನೆಟ್ಟಗೆ ನಮ್ಮ ಅಡುಗೆಮನೆ ನೋಡಿದ. ಒಲೆ ಎಷ್ಟು, ಹಂಚು ಎಷ್ಟು ದೊಡ್ಡದು ಎಂದು ನೋಡಿ, "ನಮ್ಮ ಮಿಲ್ಲಿನ ಆಳುಗಳಿಗೆಲ್ಲ ಮನ್ಯಾಗ ರೊಟ್ಟಿ ಆಗ್ಬೇಕು. ಈಕಿ ಬಡಿತಾಳೇನು?" ಎಂದು ಕೇಳಿದ. ಸತ್ತವಳು ಯಾವುದರಿಂದ ಸತ್ತಳೆಂದು ನಾವು ಕೇಳುವ ಅಗತ್ಯ ಬೀಳಲಿಲ್ಲ.

ನಮ್ಮ ಯಜಮಾನರು ಚಿದಾನಂದಪ್ಪನವರಿಗೆ ಮಾತ್ರ ಈ ಸಂಬಂಧ ಬಲು ಹಿಡಿಸಿತು. ಈಗ ಅವರಿಲ್ಲ, ಇಲ್ಲದವರ ಬಗ್ಗೆ ಕೆಟ್ಟದ್ದು ಆಡಬಾರದು. ಆದರೂ ಅವರಿಗೆ ಮನುಷ್ಯರಿಗಿಂತ ಮಿಲ್ಲು ಚೆನ್ನಾಗಿ ಅರ್ಥವಾಗುತ್ತಿತ್ತು ಎನ್ನುವುದು ಕೆಟ್ಟದ್ದಲ್ಲ, ನಿಜ.

"ಸ್ವಂತ ಮಿಲ್ಲು ಐತಿ. ಇನ್ನೇನು ಬೇಕು ನಿನಗ?" ಎಂದರು ತಂಗಿಗೆ.

"ಅಣ್ಣ, ಸುಗ್ಗಿ ಮುಗಿಯೋತನಕ ಟೈಮ್ ಕೊಡು. ಬಳ್ಳಾರ್ಯಾಗ ಕಂಪನಿ ಬಂದೈತಿ, ಹುಡುಗೇರನ್ನ ತಗೊಂತಾರಂತ. ನೌಕರಿ ಸಿಕ್ರ ನನ್ನ ಬಿಟ್ಟುಬಿಡು. ಸಿಗದಿದ್ರ ನೀ ಹೇಳಿದ ಮಿಲ್ಲನ್ನ ಲಗ್ನ ಆಗ್ತೀನಿ."

ಯಜಮಾನರು ನಗಲಿಲ್ಲ. ಆದರೆ ಸುಗ್ಗಿಯವರೆಗೆ ಎಂದು ಒಪ್ಪಿದರು. ದೊಡ್ಡಬಸಪ್ಪನಿಗೂ ಸುಗ್ಗಿ ಮುಗಿಯುವತನಕ ಮಿಲ್ಲು ಬಿಟ್ಟು ಬರಲು ಪುರುಸೊತ್ತಿರಲಿಲ್ಲ.

ಕಂಪನಿ ಎಂದೆನಲ್ಲ, ಅದು ಟೀವಿ ಪೆಟ್ಟಿಗೆ ಜೋಡಿಸುವ ಕಂಪನಿ. ಬ್ರೂಸ್‌ಪೇಟೆಯಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಮಹಡಿ ಹಿಡಿದಿದ್ದರು. ಚುರುಕು ಬೆರಳಿನ ಹೆಣ್ಣುಮಕ್ಕಳು ಬೇಕು ಎಂದು ಪತ್ರಿಕೆಯಲ್ಲಿ ಹಾಕಿಸಿದ್ದರು. ನಮ್ಮೂರಲ್ಲಿ ಟೀವಿ ಕಂಡವರೇ ಇರಲಿಲ್ಲ. ಕಂಪನಿಯವರು ಕಂಡಿದ್ದರೋ ಇಲ್ಲವೋ, ಗೊತ್ತಿಲ್ಲ. ಮೊದಲ ಪರೀಕ್ಷೆಯನ್ನು ಸಿರುಗುಪ್ಪದ ಒಂದು ಶಾಲೆಯಲ್ಲಿ ಇಟ್ಟಿದ್ದರು. ಹುಡುಗಿಯನ್ನು ಒಬ್ಬಳೇ ಕಳಿಸುವಂತಿಲ್ಲವೆಂದು ನಾನು ಜೊತೆಗೆ ಹೋದೆ. ಅಂದಿನಿಂದ ಅವಳ ಇಂಟರ್ವ್ಯೂಗಳೆಲ್ಲ ನನ್ನವೂ ಆದವು. ನಾನು ಮೂರನೇ ಕ್ಲಾಸು ಓದಿದವಳು, ಆದರೆ ಕಾಯುವ ವಿದ್ಯೆಯಲ್ಲಿ ಎಂ.ಎ. ಮಾಡಿಕೊಂಡೆ.

ಸಿರುಗುಪ್ಪದಲ್ಲಿ 'ನನ್ನ ಜೀವನದ ಗುರಿ' ಎಂದು ಬರೆಯಲು ಹೇಳಿದರಂತೆ. ತಂತಿಗೆ ತಂತಿ ಅಂಟಿಸುವ ಕೆಲಸಕ್ಕೆ ಜೀವನದ ಗುರಿ ಯಾಕೆ ಬೇಕೋ. ಅವಳು ಒಂದೇ ಸಾಲು ಬರೆದು ಬಂದಳು: ಅಕ್ಕಿ ಮಿಲ್ಲಿಗೆ ಹೋಗದಿರುವುದು. ಇದು ಮುಗಿಯಿತು ಎಂದುಕೊಂಡೆ. ಬಳ್ಳಾರಿಗೆ ಬರಬೇಕೆಂದು ಕಾಗದ ಬಂತು.

ಬಳ್ಳಾರಿಯಲ್ಲಿ ಮಹಡಿಯ ಮೆಟ್ಟಿಲ ಮೇಲೆ ಹುಡುಗಿಯರು, ಅವರ ಅಪ್ಪಂದಿರು, ಅವ್ವಂದಿರು, ಒಬ್ಬರ ಮೇಲೊಬ್ಬರಂತೆ ಕೂತಿದ್ದರು. ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿಕೊಂಡು ರಂಗಣ್ಣ ಎಂಬ ಜವಾನ. ಕೌಲ್‌ಬಜಾರಿನವನು, ಬಾಯಿ ತುಂಬ ಎಲೆಅಡಿಕೆ.

"ಅಕ್ಕಾರ, ನೆಳ್ಳಿಗೆ ಕುಂದರ್ರಿ. ಇದು ಲಗೂ ಮುಗಿಯೋದಲ್ಲ" ಎಂದ ನನಗೆ.

"ನಿನ್ನ ಹೆಂಗ ತಗೊಂಡ್ರಪ್ಪ? ನಿನಗೂ ಇಂಟರ್ವ್ಯೂ ಆತೇನು?"

"ಆತೇನು ಅಂತೀರಲ್ಲ, ಇನ್ನೂ ನಡದೈತಿ. ಟೆಂಪರವರಿ ಅಂತ ಇಟ್ಕೊಂಡಾರ. ತಿಂಗಳಿಗೊಮ್ಮೆ ಕರದು ನಿನ್ನ ಬಗ್ಗೆ ಹೇಳು ಅಂತಾರ. ನಾ ರಂಗಣ್ಣ ಅಂತೀನಿ. ಬರಕೊಂತಾರ."

ಒಳಗೆ ನೋಡುತ್ತಿದ್ದವರು ನಂಜುಂಡಯ್ಯ ಎನ್ನುವ ಸಾಹೇಬರು. ಮೈಸೂರು ಕಡೆಯವರು, ಬೆಳ್ಳಗೆ, ಸಣ್ಣ ದನಿ. ಅವತ್ತು ಬಣ್ಣಬಣ್ಣದ ತಂತಿ ತುಂಡುಗಳನ್ನು ಕಲಸಿ ತಟ್ಟೆಯಲ್ಲಿ ಕೊಟ್ಟು ಬೇರೆ ಮಾಡಿ ಎಂದರಂತೆ. ಅಕ್ಕಿ ಹಸನು ಮಾಡುವ ಮನೆಯ ಹುಡುಗಿಯರು, ಎಲ್ಲರೂ ಮಾಡಿ ಇಟ್ಟರು. ಎಲ್ಲರೂ ಪಾಸು. ಎಲ್ಲರೂ ಪಾಸಾದರೆ ಪರೀಕ್ಷೆ ಮಾಡಿದವರಿಗೆ ಬೆಲೆಯೇನು? ಮತ್ತೊಮ್ಮೆ ಕರೆದರು.

ಈ ಸಲ ಮಾತಿನ ಪರೀಕ್ಷೆ. ಬಾಗಿಲಿಗೆ ಪರದೆ ಮಾತ್ರ ಇತ್ತು, ಮೇಲಿನ ಮೆಟ್ಟಿಲಿಗೆ ಎಲ್ಲ ಕೇಳುತ್ತಿತ್ತು.

"ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?" ಎಂದರು ಸಾಹೇಬರು.

"ನೌಕರಿ ಆದ್ರ ಬಳ್ಳಾರ್ಯಾಗ ಇರ್ತೀನ್ರಿ. ಆಗದಿದ್ರ ತೆಕ್ಕಲಕೋಟ್ಯಾಗ ರೊಟ್ಟಿ ಬಡಿತಿರ್ತೀನ್ರಿ. ಅದು ನಿಮ್ಮ ಕೈಯಾಗ ಐತಿ, ನನ್ನ ಕೇಳಿದ್ರ ಹೆಂಗ್ರಿ?"

ಸಾಹೇಬರು ಗಂಟಲು ಸರಿಮಾಡಿಕೊಂಡು, "ನಿಮ್ಮಲ್ಲಿರುವ ಒಂದು ಕೊರತೆ ಹೇಳಿ" ಎಂದರು.

"ಕೇಳಿದ್ದಕ್ಕೆ ಉತ್ತರ ಕೊಡ್ತೀನ್ರಿ. ಅದ ನನ್ನ ಕೊರತಿ."

ಮನೆಗೆ ಬಂದು ನಾನಿದನ್ನು ಹೇಳಿದಾಗ ಅತ್ತೆಗೆ ಸಿಟ್ಟು ಬಂತು. ಮಗಳ ಮೇಲಲ್ಲ. "ಕೊರತಿ ಹೇಳು ಅಂತ ಹುಡುಗೀನ್ನ ಕೇಳ್ತಾರ? ಎಂಥಾ ಮಂದಿ ಅವ್ರು? ಗಂಡಿನ ಕಡ್ಯಾರು ಎಷ್ಟು ಕೆಟ್ಟೋರಾದ್ರೂ ಕೊರತಿ ತಾವ ಹುಡಿಕ್ಕೊಂತಾರ, ನಮ್ಮನ್ನ ಕೇಳಂಗಿಲ್ಲ."

ಆಮೇಲೆ ಗುಂಪು ಚರ್ಚೆ ಎಂದು ಒಂದಾಯಿತು. ಎಂಟು ಹುಡುಗಿಯರನ್ನು ಸುತ್ತ ಕೂರಿಸಿ, ಮಾತಾಡಿ ಎಂದರು. ಏನು ಮಾತಾಡಬೇಕು ಎಂದರೆ, ನಾಯಕತ್ವ ತೋರಿಸಿ ಎಂದರು. ಎಂಟೂ ಜನ ನಾಯಕತ್ವ ತೋರಿಸಿದರು. ಆ ಗದ್ದಲ ಕೇಳಿ ಕೆಳಗಿನ ಅಂಗಡಿಯವರು ನಲ್ಲಿಯಲ್ಲಿ ನೀರು ಬಂತೆಂದು ಕೊಡ ಹಿಡಿದು ಹೊರಗೆ ಬಂದರು. ಸಾಹೇಬರು ಮೂಲೆಯಲ್ಲಿ ಕೂತು ಬರೆದುಕೊಂಡರು. ಮತ್ತೊಮ್ಮೆ ಕರೆಯುತ್ತೇವೆ ಎಂದರು.

ಸುಗ್ಗಿ ಹತ್ತಿರ ಬಂತು. ಗುರುಬಸಮ್ಮನ ಹಾಸ್ಯ ಕಮ್ಮಿಯಾಯಿತು. ರೊಟ್ಟಿ ಬಡಿಯುತ್ತಾ ಹಂಚಿನ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು.

"ಅತ್ತಿಗಿ, ಇಲ್ಲ ಅಂದಿದ್ರ ಛಲೋ ಇತ್ತು. ಅತ್ತು ಮುಗಿಸ್ತಿದ್ದೆ" ಎಂದಳು ಒಮ್ಮೆ. "ಹೂಂ ಇಲ್ಲ, ಉಹೂಂ ಇಲ್ಲ. ಬಸ್ಸು ಬಂತು ಅಂತ ಎದ್ದು ನಿಂತಂಗ ನಿಂತೀನಿ. ಬಸ್ಸೂ ಇಲ್ಲ, ಕುಂದ್ರಾಕೂ ಇಲ್ಲ."

ರೊಟ್ಟಿ ಹೊತ್ತುತ್ತಿತ್ತು, ತಿರುವಿ ಹಾಕಿದೆ.

ಅಷ್ಟರಲ್ಲಿ ಕಾಗದ ಬಂತು. ಹುಡುಗಿಯ ಮನೆತನ ನೋಡಲು ಸಾಹೇಬರು ತಾವೇ ಕುರುಗೋಡಿಗೆ ಬರುತ್ತಾರಂತೆ. ಕೆಲಸಕ್ಕೆ ಸೇರಿದ ಹುಡುಗಿ ಮದುವೆಯಾಗಿ ಬಿಟ್ಟುಹೋಗುವಳೋ, ಮನೆಯವರು ಕಳಿಸುವರೋ ಇಲ್ಲವೋ ಎಂದು ವಿಚಾರಿಸಲು.

ಕಾಗದ ಓದಿ ಹೇಳಿದಾಗ ಅತ್ತೆಯ ಮುಖ ಬೆಳಗಿತು. "ಹಂಗಾರ ಇದು ಹೆಣ್ಣು ನೋಡೋ ಶಾಸ್ತ್ರನ ಅಲ್ಲೇನು? ಮೊದಲ ಹೇಳಬಾರದಾ? ಇಷ್ಟು ದಿನ ಅದು ಏನೋ ಪರೀಕ್ಷಾ ಅಂತ ಹೆದರಿದ್ದೆ. ಇದು ನಮಗ ಗೊತ್ತಿರೋ ಕೆಲಸ."

ಸಾಹೇಬರು ಬರುವ ದಿನ ಓಣಿಯ ಐದು ಜನ ಹಿರಿಯರಿಗೆ ಹೇಳಿಕಳಿಸಿದರು. ಕಂಬಳಿ ಹಾಸಿದರು. ನನ್ನ ಕೈಯಲ್ಲಿ ಮಿರ್ಚಿ ಕರಿಸಿದರು. ಬಳ್ಳಾರಿ ಸೀಮೆಯ ಮೆಣಸಿನಕಾಯಿ, ಅದೂ ನಮ್ಮ ಹೊಲದ್ದು. ನಾವು ತಿಂದು ಬೆಳೆದವರು, ನಮಗದು ತರಕಾರಿ. ಯಜಮಾನರಿಗೆ ಇದೆಲ್ಲ ಹುಚ್ಚಾಟವೆನಿಸಿ ಹೊಲಕ್ಕೆ ಹೋದರು.

ಜೀಪು ಬಂತು. ಸಾಹೇಬರು ಇಳಿದರು, ಹಿಂದೆ ರಂಗಣ್ಣ ಇಳಿದ. ಗುರುಬಸಮ್ಮ ಚಿಕ್ಕಂದಿನ ರೂಢಿಯಂತೆ ಹೊಸ್ತಿಲ ಮೇಲಿದ್ದಳು. ಕೇಳಬೇಕೆಂದು ಬಾಯಿ ತೆರೆದಳು, ಅತ್ತೆ ಕಣ್ಣು ಬಿಟ್ಟರು, ಬಾಯಿ ಮುಚ್ಚಿದಳು.

ಸಾಹೇಬರು ಕಂಬಳಿಯ ಮೇಲೆ ಕೂತು ಸಣ್ಣ ದನಿಯಲ್ಲಿ ಕೇಳಿದರು: "ನಿಮ್ಮ ಮಗಳನ್ನು ಬಳ್ಳಾರಿಯಲ್ಲಿ ಬಿಡಲು ನಿಮಗೆ ಒಪ್ಪಿಗೆ ಇದೆಯಾ ತಾಯಿ?"

"ಒಪ್ಪಿಗಿ ಇಲ್ಲದಿದ್ರ ನಿಮಗ ಕಂಬಳಿ ಹಾಸ್ತಿದ್ವೇನ್ರಿ?" ಎಂದರು ಅತ್ತೆ. "ಮೊದ್ಲು ಬಾಯಿಗೆ ಏನಾರ ಹಾಕ್ಕೊಳ್ರಿ."

ಮಂಡಕ್ಕಿ, ಮಿರ್ಚಿ ಬಂತು. ಸಾಹೇಬರು ಅದನ್ನು ಮೈಸೂರಿನ ಬಜ್ಜಿ ಎಂದು ತಿಳಿದರೋ ಏನೋ, ಅರ್ಧ ಮಿರ್ಚಿ ಒಂದೇ ಸಲಕ್ಕೆ ಕಚ್ಚಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆ ಬಿಳಿ ಮುಖ ಕುಂಕುಮವಾಯಿತು. ಕನ್ನಡಕದ ಒಳಗಿಂದ ನೀರು ಇಳಿಯಿತು. ಮರ್ಯಾದಸ್ಥರು, ಉಗುಳಲೂ ಆರರು, ನುಂಗಲೂ ಆರರು. ನುಂಗಿದರು. ನಾನು ನೀರು ತರಲು ಒಳಗೆ ಓಡಿದೆ.

ಅದೇ ಹೊತ್ತಿಗೆ ಅತ್ತೆ ಬೆಳ್ಳಿ ಬಟ್ಟಲು ತಂದು ಅವರ ಮುಂದಿಟ್ಟರು.

ರಂಗಣ್ಣ ಅದನ್ನು ನೋಡಿದ. ಅವನಿಗೆ ಅದರ ಅರ್ಥ ಗೊತ್ತು. ಸಾಹೇಬರೇ, ಬೇಡ ಎನ್ನಬೇಕೆಂದು ಕೈ ಎತ್ತಿದ. ಆದರೆ ಅವನ ಬಾಯಲ್ಲಿ ಇಡೀ ಮಿರ್ಚಿಯಿತ್ತು. ಸಾಹೇಬರು ಚಿಟಿಕೆ ತೆಗೆದುಕೊಳ್ಳಲಿಲ್ಲ, ಹಿಡಿ ತುಂಬಿಕೊಂಡು ಬಾಯಿಗೆ ಸುರಿದುಕೊಂಡರು. ಮತ್ತೊಂದು ಹಿಡಿ. ಬಟ್ಟಲು ಬರಿದಾಯಿತು. ತಳಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಒರೆಸಿ ನೆಕ್ಕಿದರು.

ಐದೂ ಜನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎಲ್ಲರಿಗಿಂತ ಮುದುಕರಾದ ಗಾದೆಪ್ಪನವರು, "ಇಷ್ಟು ಪ್ರೀತಿಲೆ ಸಕ್ರಿ ತಿಂದ ಬೀಗರನ್ನ ನನ್ನ ವಯಸ್ಸಿನಾಗ ಕಂಡಿಲ್ಲ. ಹುಡುಗಿ ಪುಣ್ಯವಂತಿ" ಎಂದರು.

"ನಿಮ್ಮ ಮನೆಯ ಆದರ ಮರೆಯಲಾರೆ" ಎಂದರು ಸಾಹೇಬರು, ನಾಲಿಗೆ ಹೊರಗಿಟ್ಟುಕೊಂಡೇ. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬಿಟ್ಟು ಜೀಪು ಹತ್ತಿದರು.

ಮರುದಿನವೇ ಅತ್ತೆ ತೆಕ್ಕಲಕೋಟೆಗೆ ಹೇಳಿಕಳಿಸಿದರು: ನಮ್ಮ ಹುಡುಗಿಯ ಸಕ್ಕರೆ ಆಗಿದೆ, ಕ್ಷಮಿಸಬೇಕು. ಯಾವ ಊರಿನ ಗಂಡು ಎಂದು ದೊಡ್ಡಬಸಪ್ಪನ ಕಡೆಯವರು ಕೇಳಿದರಂತೆ. ಗಂಡಲ್ಲ, ಕಂಪನಿ ಎಂದು ಹೋದವನು ಹೇಳಿದನಂತೆ. ಅವರಿಗೆ ಅವಮಾನವಾಗಿ ಸಂಕ್ರಾಂತಿಯೊಳಗೆ ದೇಶನೂರಿನಲ್ಲಿ ಬೇರೆ ಹೆಣ್ಣು ಗೊತ್ತುಮಾಡಿದರು. ದೊಡ್ಡಬಸಪ್ಪ ಅವಳ ಅಡುಗೆಮನೆಯನ್ನೂ ಒಂದೇ ಸಲ ನೋಡಿ ಒಪ್ಪಿದ. ಆ ವಿಷಯದಲ್ಲಿ ಅವನನ್ನು ಮೆಚ್ಚಬೇಕು, ಕಂಪನಿಗಿಂತ ಮೇಲು.

ಯಜಮಾನರು ಮನೆಯಲ್ಲಿ ಎಗರಾಡಿದರು. "ಯವ್ವಾ, ಅವ ಖಾರಕ್ಕ ತಿಂದಾನ. ನೌಕರಿ ಕೊಡ್ತೀನಿ ಅಂತ ಎಲ್ಲಿ ಅಂದಾನ?"

"ಯಾಕ ತಿಂದ ಅಂತ ಯಾರೂ ಕೇಳಂಗಿಲ್ಲಪ್ಪ. ತಿಂದನೋ ಇಲ್ಲೋ ಅಷ್ಟ. ನಿಮ್ಮಪ್ಪನೂ ಹಸಿವಿ ಆಗೈತಿ ಅಂತ ತಿಂದಿದ್ರು. ನಾ ಬಂದು ಬಾಳ್ವಿ ಮಾಡ್ಲಿಲ್ಲೇನು?"

ಆದರೆ ಸುದ್ದಿಗೆ ಇನ್ನೊಂದು ಮುಖವೂ ಇತ್ತು. ಗುರುಬಸಮ್ಮ ಈಗ ಸಕ್ಕರೆಯಾದ ಹುಡುಗಿ. ಬೇರೆ ಗಂಡಿನವರು ಯಾರೂ ನಮ್ಮ ಕಡೆ ತಲೆಹಾಕಲಿಲ್ಲ. ಕಂಪನಿ ಒಲ್ಲೆ ಎಂದರೆ ಅವಳು ಮಾತು ಮುರಿದ ಹುಡುಗಿಯಾಗುತ್ತಾಳೆ. ಮಿಲ್ಲೂ ಇಲ್ಲ, ನೌಕರಿಯೂ ಇಲ್ಲ, ಊರ ಬಾಯಿ ಮಾತ್ರ ಉಂಟು. ಅವಳಿಗದು ಗೊತ್ತಿತ್ತು. ನೀರಿಗೆ ಹೋದಾಗ ಹೆಂಗಸರು, "ನಿಮ್ಮ ಬೀಗರು ಯಾವಾಗ ಕರಕೊಂಡು ಹೋಗ್ತಾರವ್ವ?" ಎಂದು ಚುಚ್ಚುತ್ತಿದ್ದರು. ಅವಳು ಕೊಡ ತುಂಬುವುದನ್ನೇ ನೋಡುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಕಾಗದ ಬಂತು. ಕೆಲಸದ ಕಾಗದವಲ್ಲ. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ, ಮತ್ತೊಮ್ಮೆ ಇಂಟರ್ವ್ಯೂಗೆ ಬರಬೇಕು.

ಅತ್ತೆ ಬೆಳ್ಳಿ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡರು. "ಸಕ್ರಿ ಆದ ಮ್ಯಾಲೆ ಮತ್ತ ಹೆಣ್ಣು ನೋಡಾಕ ಕರೀತಾರೇನು? ನಡೀರಿ, ನಾನೂ ಬರ್ತೀನಿ" ಎಂದರು. ಗಾದೆಪ್ಪನವರು ಸಾಕ್ಷಿಗೆಂದು ತಾವಾಗಿಯೇ ಬಸ್ಸು ಹತ್ತಿದರು. ಅವರಿಗೆ ಬಳ್ಳಾರಿಯಲ್ಲಿ ಚಪ್ಪಲಿ ಕೊಳ್ಳುವುದೂ ಇತ್ತು.

ಮೆಟ್ಟಿಲ ಮೇಲೆ ಮೊದಲಿನ ಅವೇ ಮುಖಗಳು. ಸಿರುಗುಪ್ಪದವರು, ತೆಕ್ಕಲಕೋಟೆಯವರು, ಹೊಸಪೇಟೆ ಕಡೆಯವರು. ಇಷ್ಟು ತಿಂಗಳಲ್ಲಿ ನಾವೆಲ್ಲ ನೆಂಟರಂತಾಗಿದ್ದೆವು. ಒಬ್ಬರ ಬುತ್ತಿ ಒಬ್ಬರು ಉಣ್ಣುತ್ತಿದ್ದೆವು. ನಮ್ಮ ಸಕ್ಕರೆಯ ಸುದ್ದಿ ಅವರಿಗೆಲ್ಲ ಮುಟ್ಟಿತ್ತು. ರಂಗಣ್ಣನ ಬಾಯಲ್ಲಿ ಆಮೇಲೆ ಮಿರ್ಚಿ ಇರಲಿಲ್ಲವಲ್ಲ.

ಗುರುಬಸಮ್ಮ ಒಳಗೆ ಹೋದಳು. ಪರದೆಯಾಚೆ ದಪ್ಪ ದನಿ ಕೇಳಿತು.

"ನಿಮ್ಮ ಪರಿಚಯ ಹೇಳಿಕೊಳ್ಳಿ."

"ಮೊದಲನೇ ಸಲ ಹೇಳಿದ್ನಲ್ರಿ. ಬರಕೊಂಡಾರ. ಆಗಿನಿಂದ ನಾ ಬದಲಾಗಿಲ್ರಿ."

"ನಮ್ಮ ಕಂಪನಿಗೇ ಯಾಕೆ ಸೇರಬೇಕು ಅನ್ನಿಸುತ್ತೆ?"

"ಈಗ ಬೇರೆ ಎಲ್ಲೂ ಹೋಗಂಗಿಲ್ರಿ. ನಿಮ್ಮ ಸಾಹೇಬ್ರು ಹೋಗದಂಗ ಮಾಡ್ಯಾರ."

ಆಮೇಲೆ ದಪ್ಪ ದನಿ, ಇದು ಎಲ್ಲರನ್ನೂ ಕೇಳುವ ಕೊನೆಯ ಪ್ರಶ್ನೆ ಎನ್ನುವಂತೆ, "ನೀವು ನಮ್ಮನ್ನು ಏನಾದರೂ ಕೇಳುವುದಿದೆಯೇ?" ಎಂದಿತು.

ಎಷ್ಟು ಹುಡುಗಿಯರನ್ನು ಹಾಗೆ ಕೇಳಿದ್ದರೋ, ಎಲ್ಲರೂ ಇಲ್ಲ ಎಂದಿರಬೇಕು. ಹೊಸ್ತಿಲ ಮೇಲೆ ಕೂತು ಬೆಳೆದವಳನ್ನು ಹಾಗೆ ಕೇಳಬಾರದಿತ್ತು.

"ಐತ್ರಿ. ನೀವು ಯಾರು, ಯಾಕ ಬಂದ್ರಿ, ಯಾವಾಗ ಹೇಳ್ತೀರಿ? ನಿಮ್ಮ ಸಾಹೇಬ್ರು ನಮ್ಮ ಮನ್ಯಾಗ ಐದು ಮಂದಿ ಮುಂದ ಸಕ್ರಿ ತಿಂದಾರ. ನಮ್ಮವ್ವ ಬಂದ ಸಂಬಂಧ ಬಿಟ್ಟಾಳ. ಈಗ ನಮ್ಮೂರಾಗ ನನ್ನ ಯಾರೂ ಕೇಳಂಗಿಲ್ಲ. ನೀವು ಒಲ್ಲೆ ಅಂದ್ರ ನಾ ಎಲ್ಲಿಗೆ ಹೋಗ್ಲಿ? ಐದು ವರ್ಷದ ಮ್ಯಾಲಿಂದು ಬ್ಯಾಡ್ರಿ. ನಾಳೆ ನಾ ಎಲ್ಲಿರ್ತೀನಿ ಅಷ್ಟು ಹೇಳ್ರಿ."

ಅಷ್ಟು ಕೇಳಿದ್ದೇ ತಡ, ಅತ್ತೆ ಪರದೆ ಸರಿಸಿ ಒಳಗೆ ಹೋದರು. ನಾನೂ ಹೋದೆ, ಗಾದೆಪ್ಪನವರೂ ಬಂದರು. ಪರದೆ ಸರಿಸಿದವರು ಮುಚ್ಚಲಿಲ್ಲ. ಮೆಟ್ಟಿಲ ಮೇಲಿನವರೆಲ್ಲ ಎದ್ದು ಬಾಗಿಲಿಗೆ ಬಂದರು.

"ಇಲ್ಲಿ ಹಿರೇರು ಯಾರು?" ಎಂದರು ಅತ್ತೆ. ದೊಡ್ಡ ಸಾಹೇಬರು ತಾವೇ ಎನ್ನುವಂತೆ ತಲೆಯಾಡಿಸಿದರು. "ಒಲ್ಲೆ ಅನ್ನೋದಾದ್ರ ಅನ್ರಿ, ನಮ್ಮ ತಕರಾರಿಲ್ಲ. ಆದ್ರ ಇಲ್ಲಿ ಅಲ್ಲ. ನಮ್ಮನಿಗೆ ಬಂದು, ಆ ಐದೂ ಮಂದಿ ಮುಂದ ಕುಂತು, ಯಾಕ ಒಲ್ಲೆ ಅಂತ ಹೇಳಿ ಹೋಗ್ರಿ. ಬಂದವರಿಗೆ ಖಾರ ಕೊಡದ ಕಳಸೋ ಮಂದಿ ನಾವಲ್ಲ."

ನಂಜುಂಡಯ್ಯ ಸಾಹೇಬರ ಕೈ ತಾನಾಗಿ ಬಾಯಿಗೆ ಹೋಯಿತು.

"ಏನ್ರೀ ಇದು?" ಎಂದು ದೊಡ್ಡ ಸಾಹೇಬರು ಅವರನ್ನು ಕೇಳಿದರು.

"ಸಾರ್, ಸಕ್ಕರೆ ತಿಂದದ್ದು ನಿಜ. ಖಾರವಾಗಿತ್ತು. ಸಕ್ಕರೆಗೆ ಇಷ್ಟು ಅರ್ಥವಿದೆ ಅಂತ ನನಗೆ ಯಾರೂ ಹೇಳಲಿಲ್ಲ."

"ನಮಗಾರ ಯಾರು ಹೇಳಿದ್ರು, ನಿಮ್ಮ ಇಂಟರ್ವ್ಯೂಗೆ ಅರ್ಥ ಇಲ್ಲ ಅಂತ?" ಎಂದರು ಬಾಗಿಲಲ್ಲಿದ್ದ ಸಿರುಗುಪ್ಪದ ಒಬ್ಬ ಅಪ್ಪ. "ಸಕ್ರಿ ತಿಂದು ತಪ್ಪೋ ಕಂಪನಿಗೆ ನಮ್ಮ ಹುಡುಗೀನ್ನ ಹೆಂಗ ಬಿಡೋಣ? ಏಳವ್ವ, ಹೋಗೂಣು."

ಅವರ ಹಿಂದೆ ಇನ್ನೊಬ್ಬರು ಬುತ್ತಿಯ ಗಂಟು ಎತ್ತಿಕೊಂಡರು. ರಂಗಣ್ಣ ಒಳಗೆ ನುಗ್ಗಿ ದೊಡ್ಡ ಸಾಹೇಬರ ಕಿವಿಯ ಹತ್ತಿರ ಬಗ್ಗಿ, ನಮಗೆಲ್ಲ ಕೇಳುವಂತೆಯೇ, "ಸಾರ್, ಇವ್ರು ಮೆಟ್ಲು ಇಳದ್ರ ಈ ಸೀಮ್ಯಾಗ ಒಬ್ಬ ಹುಡುಗಿ ಸಿಗಂಗಿಲ್ರಿ. ಆಮ್ಯಾಲೆ ನೀವೂ ನಾನೂ ಕುಂತು ಟೀವಿ ಜೋಡಿಸ್ಬೇಕು" ಎಂದ.

ದೊಡ್ಡ ಸಾಹೇಬರು ಕಿಟಕಿಯ ಕಡೆ ನೋಡಿದರು. ಬಳ್ಳಾರಿಯ ಬಿಸಿಲು. ಫ್ಯಾನು ತಿರುಗಿದರೂ ಬೆವರು. ಅವರಿಗೂ ಮನೆಗೆ ಹೋಗಬೇಕು ಅನ್ನಿಸಿರಬೇಕು.

"ಇವರನ್ನು ತೆಗೆದುಕೊಳ್ಳಿ" ಎಂದರು.

"ಬಾಯಿಮಾತು ಬ್ಯಾಡ" ಎಂದು ಅತ್ತೆ ಸೆರಗು ಬಿಚ್ಚಿ ಬಟ್ಟಲನ್ನು ಮೇಜಿನ ಮೇಲಿಟ್ಟರು. ರಂಗಣ್ಣ ಕೆಳಗಿನ ಚಹಾದಂಗಡಿಯಿಂದ ಸಕ್ಕರೆ ತಂದ. ದೊಡ್ಡ ಸಾಹೇಬರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಗಾದೆಪ್ಪನವರು ನೋಡಿ, ಆತು ಎಂದರು.

ಅಷ್ಟಕ್ಕೆ ಮುಗಿದಿದ್ದರೆ ಸಾಹೇಬರ ಪುಣ್ಯ. ಸಿರುಗುಪ್ಪದ ಅಪ್ಪ ಮಗಳ ಕೈ ಹಿಡಿದು ಮೇಜಿನ ಮುಂದೆ ಬಂದು ನಿಂತರು. "ನಮ್ಮ ಹುಡುಗಿ ಪಾಸ್ ಆಗ್ಯಾಳೋ ಇಲ್ಲೋ?" "ಆಗಿದ್ದಾರೆ, ಆದರೆ ಇನ್ನೊಂದು ಸುತ್ತು..." "ಹಂಗಾರ ಸಕ್ರಿ ತಿನ್ರಿ." ಅವರ ಹಿಂದೆ ಸಾಲು ನಿಂತಿತು. ಒಂದು ವರ್ಷ ಆಗದ ತೀರ್ಮಾನ ಆ ಮಧ್ಯಾಹ್ನ ಆಯಿತು. ಕೊನೆಕೊನೆಗೆ ದೊಡ್ಡ ಸಾಹೇಬರಿಗೆ ಸಕ್ಕರೆ ಸಾಕಾಗಿ ನಂಜುಂಡಯ್ಯನವರು ತಿಂದರು. ಅವರಿಗೆ ರೂಢಿಯಿತ್ತಲ್ಲ.

ಮುಂದಿನ ಸೋಮವಾರ ಗುರುಬಸಮ್ಮ ಕೆಲಸಕ್ಕೆ ಹೋದಳು. ವಾರದ ರಜೆಗೆ ಬಂದಾಗ, ಕೆಲಸವೇನು ಎಂದು ಅತ್ತೆ ಕೇಳಿದರು.

"ಒಂದು ಹಲಗಿ ಬರ್ತೈತಿ. ಕೆಂಪು ತಂತಿ ಕೆಂಪು ಚುಕ್ಕಿಗೆ ಅಂಟಸ್ತೀನಿ. ಆಮ್ಯಾಲೆ ಇನ್ನೊಂದು ಹಲಗಿ ಬರ್ತೈತಿ."

"ಅಷ್ಟಕ್ಕ ಜೀವನದ ಗುರಿ ಕೇಳಿದ್ರಾ?"

"ಹೂಂ ಯವ್ವ. ಕೊರತಿನೂ ಕೇಳಿದ್ರು."

ಆದರೂ ತಿಂಗಳಿಗೊಮ್ಮೆ 'ನನ್ನ ದುಡಿಮಿ ಸೀರಿ' ಎಂದು ನನಗೊಂದು, ಅವ್ವನಿಗೊಂದು ತರಬೇಕೆಂಬ ಆಸೆಯಿಂದ ಶುರುಮಾಡಿ, ಎರಡನೇ ಸೀರೆಗೇ ಬುದ್ಧಿ ಬಂದು ಸೈಕಲ್ ಕೊಂಡಳು. ಗಾಂಧಿನಗರದ ಕಡೆ ಇನ್ನಿಬ್ಬರು ಹುಡುಗಿಯರೊಂದಿಗೆ ಒಂದು ಕೋಣೆ ಹಿಡಿದಳು. ಅಲ್ಲಿ ಹಂಚು ಇಟ್ಟುಕೊಂಡಿರಲಿಲ್ಲ. ರೊಟ್ಟಿಯನ್ನು ಖಾನಾವಳಿಯಿಂದ ತರಿಸುತ್ತಿದ್ದಳು. ಇದನ್ನು ಅತ್ತೆಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಎರ್ರಿಸ್ವಾಮಿ ಎನ್ನುವ ಹುಡುಗ ಅವಳನ್ನು ನೋಡಲು ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಕ್ಕರೆಯ ಕತೆ ಕೇಳಿ ನಕ್ಕು, ಆ ಹುಡುಗಿಯನ್ನೇ ನೋಡಬೇಕೆಂದು ಬಂದವನು. ಅವನ ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಗುರುಬಸಮ್ಮ ಅವನ ಎದುರಿಗೆ ಕೂತಳು. ಈ ಸಲ ಅತ್ತೆ ಕಣ್ಣು ಬಿಡಲಿಲ್ಲ.

"ನಿಮ್ಮ ಪರಿಚಯ ಹೇಳ್ರಿ."

ಅವನು ಹೇಳಿದ.

"ಐದು ವರ್ಷದ ಮ್ಯಾಲೆ ಎಲ್ಲಿರ್ತೀರಿ?"

"ಬಸ್ಸಿನ ಕೆಳಗ ಇರ್ತೀನ್ರಿ. ಗ್ರೀಸು ಹಚ್ಚಿಕೊಂಡು."

"ನಿಮ್ಮ ಕೊರತಿ?"

ಅವನು ಕೈಯಲ್ಲಿದ್ದ ಮಿರ್ಚಿ ನೋಡಿದ. "ಇಂಥವು ಎಷ್ಟು ಇಟ್ರೂ ಸಾಕು ಅನ್ನಂಗಿಲ್ರಿ."

"ಆಳುಗಳು ಎಷ್ಟು ಮಂದಿ ನಿಮ್ಮನ್ಯಾಗ?"

"ನಾನೊಬ್ಬನ್ರಿ."

"ಮುಂದಿನ ವಾರ ಮತ್ತೊಮ್ಮೆ ಬರ್ರಿ" ಎಂದಳು.

ಚಿಕ್ಕಪ್ಪ ಸಿಟ್ಟಾಗಿ ಎದ್ದ. ಹುಡುಗ ಏಳಲಿಲ್ಲ, ತಟ್ಟೆಯಲ್ಲಿ ಇನ್ನೂ ಮಿರ್ಚಿ ಇತ್ತು. ಮುಂದಿನ ವಾರ ಬಂದ. ಅದರ ಮುಂದಿನ ವಾರವೂ ಬಂದ. ಅವನು ಆ ಸಲ ಬಂದು ಕೂತಾಗ ಅತ್ತೆಗೆ ತಾಳ್ಮೆ ಮುಗಿಯಿತು. "ಎಷ್ಟು ಸಲ ಓಡಾಡಸ್ತಿಯಲೇ ಆ ಹುಡುಗನ್ನ? ನೀನೇನು ಕಂಪನಿ ಏನು?" ಎಂದು ಬಟ್ಟಲು ತಂದು ನಡುಮನೆಯಲ್ಲಿಟ್ಟರು. ಹುಡುಗ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ಇನ್ನೂ ಮುನಿಸಿನಲ್ಲಿ ಗೋಡೆ ನೋಡುತ್ತಿದ್ದ.

ಶಾಸ್ತ್ರದ ಪ್ರಕಾರ ಗಂಡಿನ ಕಡೆಯ ಹಿರಿಯರು ತಿನ್ನಬೇಕು. ಗುರುಬಸಮ್ಮ ಕಾಯಲಿಲ್ಲ. ತಾನೇ ಕೈಹಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬಟ್ಟಲನ್ನು ಅವನ ಕಡೆ ಸರಿಸಿದಳು.